ಮರುವಾಯಿ ಚಿಪ್ಪಿನ ಸಾಲು ಮತ್ತು ಒಂದು ತಪ್ಪು ಷರಾ: ಶಿಶುವಿಹಾರದಲ್ಲಿ ಮಕ್ಕಳ ಕಲಿಕೆಯನ್ನು ದಾಖಲಿಸುವ ಬಗೆ

ಮಲ್ಪೆ ಬಂದರಿನ ಆಸುಪಾಸಿನ ಮನೆಗಳಿಂದ ಬರುವ ಮಕ್ಕಳೇ ಹೆಚ್ಚಾಗಿರುವ ನಮ್ಮ ಶಿಶುವಿಹಾರದ ಮೂಲೆಯಲ್ಲಿ ಮರಳು ತುಂಬಿದ ಅಗಲವಾದ ಹರಿವಾಣವಿದೆ. ಅದರ ಪಕ್ಕದಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ ಮರುವಾಯಿ, ಅಂದರೆ ಕಪ್ಪೆಚಿಪ್ಪುಗಳ ಬುಟ್ಟಿ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ನಾಲ್ಕು ತುಂಬಲು ಇನ್ನೂ ಎರಡು ತಿಂಗಳಿದ್ದ ಹುಡುಗನೊಬ್ಬ ಆ ಚಿಪ್ಪುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿ, ಒಂದೊಂದರ ಮೇಲೂ ಬೆರಳಿಟ್ಟು "ಒಂಜಿ, ರಡ್ಡ್, ಮೂಜಿ, ನಾಲ್, ಐನ್, ಆಜಿ" ಎಂದು ತುಳುವಿನಲ್ಲಿ ಎಣಿಸಿದ. ಏಳನೆಯದರ ಅಂಚು ಒಡೆದಿತ್ತು. ಅದನ್ನೆತ್ತಿ ಪಕ್ಕಕ್ಕಿಟ್ಟು "ಉಂದು ಬೊಡ್ಚಿ", ಅಂದರೆ ಇದು ಬೇಡ, ಎಂದ. ಹತ್ತಿರವಿದ್ದ ಆಯಾ "ಏತುಂಡು?", ಅಂದರೆ ಎಷ್ಟಿದೆ, ಎಂದು ಕೇಳಿದಾಗ ಮತ್ತೆ ಮೊದಲಿನಿಂದ ಎಣಿಸದೆ "ಆಜಿ" ಎಂದು ಉತ್ತರಿಸಿದ.

ಅದಕ್ಕೆ ಒಂದು ವಾರ ಮೊದಲು ಅವನ ಪ್ರಗತಿ ಪಟ್ಟಿಯಲ್ಲಿ "ಐದರವರೆಗೆ ಎಣಿಸಲು ಬರುವುದಿಲ್ಲ" ಎಂದು ನಾನೇ ಷರಾ ಬರೆದಿದ್ದೆ. ಕನ್ನಡದಲ್ಲಿ "ಎಣಿಸು ನೋಡುವ" ಎಂದಾಗ ಅವನು ನನ್ನ ಮುಖ ನೋಡಿ ಸುಮ್ಮನಿದ್ದ. ಆ ಮೌನವನ್ನು ನಾನು ಅರಿವಿನ ಕೊರತೆ ಎಂದು ಓದಿಕೊಂಡಿದ್ದೆ. ವಸ್ತುವಿಗೊಂದು ಸಂಖ್ಯೆಯಂತೆ ಹೊಂದಿಸುವುದು, ಗಾತ್ರದ ಕ್ರಮದಲ್ಲಿಡುವುದು, ಗುಂಪಿಗೆ ಸೇರದದನ್ನು ಹೊರಗಿಡುವುದು, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಮೊತ್ತವೆಂದು ತಿಳಿಯುವುದು, ಈ ನಾಲ್ಕನ್ನೂ ಆ ಮಗು ಎರಡು ನಿಮಿಷಗಳಲ್ಲಿ ಮಾಡಿ ತೋರಿಸಿತ್ತು. ನಾನು ಬರೆದ ಷರಾ ಮಾತ್ರ ಕಡತದಲ್ಲಿ ಹಾಗೆಯೇ ಕುಳಿತಿತ್ತು. ಪುಟ್ಟ ಮಕ್ಕಳ ಕಲಿಕೆಯನ್ನು ಹೇಗೆ ದಾಖಲಿಸಬೇಕೆಂದು ನಾನು ಮೊದಲಿನಿಂದ ಕಲಿಯತೊಡಗಿದ್ದು ಅಂದಿನಿಂದ. ಉಡುಪಿ, ಮಂಗಳೂರಿನ ಕಡೆಯ ಅಂಗನವಾಡಿ, ಬಾಲವಾಡಿ, ಎಲ್‌ಕೆಜಿ ತರಗತಿಗಳಲ್ಲಿ ಕೆಲಸ ಮಾಡುವ ಜೊತೆಯವರಿಗೆ ಉಪಯೋಗವಾಗಲೆಂದು ಆ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ದಾಖಲೆ ಎಂದರೆ ಯಾವುದು

ನಮ್ಮ ತರಗತಿಗಳಲ್ಲಿ ಕಾಗದಕ್ಕೇನೂ ಕೊರತೆಯಿಲ್ಲ. ಹಾಜರಿ ಪುಸ್ತಕ, ತೂಕ ಮತ್ತು ಎತ್ತರದ ವಿವರ, ಆಹಾರದ ಲೆಕ್ಕ, ಅಂಗನವಾಡಿಯಾದರೆ 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ತುಂಬಬೇಕಾದ ಅಂಕಿಗಳು. ಇವೆಲ್ಲ ಬೇಕಾದವುಗಳೇ, ಆದರೆ ಮಗು ಬಂದಿತು, ಉಂಡಿತು, ಬೆಳೆಯಿತು ಎಂಬುದನ್ನು ಹೇಳುತ್ತವೆಯೇ ಹೊರತು ಅದು ಹೇಗೆ ಯೋಚಿಸಿತು ಎಂಬುದನ್ನು ಹೇಳುವುದಿಲ್ಲ. ಇಪ್ಪತ್ತು ಮಕ್ಕಳು ಒಂದೇ ಸೇಬಿನ ಚಿತ್ರಕ್ಕೆ ಒಂದೇ ಕೆಂಪು ಬಣ್ಣ ತುಂಬಿದ ವರ್ಕ್‌ಶೀಟ್‌ಗಳ ಕಟ್ಟೂ ಅದನ್ನು ಹೇಳುವುದಿಲ್ಲ. ಮಗು ಮಾಡಿದ್ದು, ಹೇಳಿದ್ದು, ಅದರ ಹಿಂದೆ ನಮಗೆ ಕಂಡ ಯೋಚನೆ, ಅದನ್ನು ನೋಡಿ ನಾವು ಮರುದಿನ ಏನು ಮಾಡಿದೆವು ಎಂಬುದು, ಈ ನಾಲ್ಕು ಸೇರಿದಾಗ ಅದು ಕಲಿಕೆಯ ದಾಖಲೆಯಾಗುತ್ತದೆ. ನಾಲ್ಕನೆಯದಿಲ್ಲದಿದ್ದರೆ ಉಳಿದ ಮೂರು ಬರಿಯ ಸಂಗ್ರಹ.

ಈ ಕೆಲಸಕ್ಕೆ ಗಟ್ಟಿಯಾದ ಹಿನ್ನೆಲೆಯಿದೆ. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಇಟಲಿಯ ರೆಜ್ಜೊ ಎಮಿಲಿಯಾ ಪಟ್ಟಣದ ಬಳಿಯ ಹಳ್ಳಿಯೊಂದರ ಜನ, ಹಿಮ್ಮೆಟ್ಟಿದ ಸೈನ್ಯ ಬಿಟ್ಟುಹೋದ ಟ್ಯಾಂಕು, ಲಾರಿ, ಕುದುರೆಗಳನ್ನು ಮಾರಿ ಬಂದ ಹಣದಿಂದ ತಮ್ಮ ಮಕ್ಕಳಿಗೆ ಶಾಲೆ ಕಟ್ಟತೊಡಗಿದರು. ಅವರ ಜೊತೆ ನಿಂತ ಶಿಕ್ಷಕ ಲೋರಿಸ್ ಮಲಗುಝ್ಝಿಯ ನೇತೃತ್ವದಲ್ಲಿ ಮಕ್ಕಳ ಮಾತು, ಚಿತ್ರ, ಫೋಟೋಗಳನ್ನು ಒಟ್ಟಿಗಿಟ್ಟು ಅಧ್ಯಯನ ಮಾಡುವ ಪದ್ಧತಿ ಅಲ್ಲಿ ಬೆಳೆಯಿತು. ನ್ಯೂಜಿಲೆಂಡಿನಲ್ಲಿ 1996ರ ಶಿಶುಶಿಕ್ಷಣ ಪಠ್ಯಕ್ರಮದ ಜೊತೆಜೊತೆಗೆ ಮಾರ್ಗರೆಟ್ ಕಾರ್ ಅವರು ರೂಪಿಸಿದ "ಕಲಿಕೆಯ ಕಥೆ" ಎಂಬ ಕ್ರಮದಲ್ಲಿ, ಮಗುವಿಗೆ ಏನು ಬರುವುದಿಲ್ಲ ಎಂಬ ಪಟ್ಟಿಯ ಬದಲು ಮಗು ಮಾಡಿದ್ದನ್ನು ಕಥೆಯಂತೆ ಬರೆಯುತ್ತಾರೆ. ನಮ್ಮಲ್ಲಿ 2022ರ ಅಕ್ಟೋಬರಿನಲ್ಲಿ ಹೊರಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಪರೀಕ್ಷೆ ತಕ್ಕುದಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಮಕ್ಕಳನ್ನು ಗಮನಿಸುವುದು, ಅವರು ಮಾಡಿದ ವಸ್ತುಗಳನ್ನು ಪರಿಶೀಲಿಸುವುದು, ಇವೇ ಮೌಲ್ಯಮಾಪನದ ಎರಡು ದಾರಿಗಳು ಎಂಬುದು ಅದರ ನಿಲುವು. ಆದುದರಿಂದ ಟಿಪ್ಪಣಿ ಬರೆಯುವುದು ಟೀಚರಿನ ಮೇಲೆ ಹೊರಿಸಿದ ಹೆಚ್ಚುವರಿ ಹೊರೆಯೆಂದು ಯಾರೂ ತಿಳಿಯಬೇಕಾಗಿಲ್ಲ; ಪರೀಕ್ಷೆಯ ಜಾಗದಲ್ಲಿ ಇರಬೇಕಾದದ್ದೇ ಅದು.

ಕಂಡದ್ದನ್ನು ಬರೆಯುವುದು

ಬೇಕಾದ ಸಲಕರಣೆ ಬಹಳ ಕಡಿಮೆ. ಅಂಗೈಯಗಲದ ಒಂದು ನೋಟ್‌ಬುಕ್, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ಸಿಲ್. ಪೆನ್ನಿಗಿಂತ ಪೆನ್ಸಿಲ್ ಒಳ್ಳೆಯದು, ಏಕೆಂದರೆ ನೀರಾಟದ ಕೈಯಲ್ಲಿ ಹಿಡಿದರೂ ಅಕ್ಷರ ಹರಡುವುದಿಲ್ಲ. ಪ್ರತಿ ಟಿಪ್ಪಣಿಯ ಮೇಲೂ ಮಗುವಿನ ಹೆಸರು, ದಿನಾಂಕ, ಹೊತ್ತು, ಜಾಗ ಇರಬೇಕು. ದಿನಾಂಕವಿಲ್ಲದ ಟಿಪ್ಪಣಿ ಆರು ತಿಂಗಳ ಬಳಿಕ ಯಾವ ಪ್ರಯೋಜನಕ್ಕೂ ಬರುವುದಿಲ್ಲ ಎಂಬುದನ್ನು ನಾನು ಅನುಭವದಿಂದ ಬಲ್ಲೆ; ಮೊದಲ ವರ್ಷದ ನನ್ನ ಎಷ್ಟೋ ಚೀಟಿಗಳನ್ನು ಈ ಕಾರಣಕ್ಕೇ ಬಿಸಾಡಬೇಕಾಯಿತು.

ಕಷ್ಟವಿರುವುದು ವಾಕ್ಯದಲ್ಲಿ. ನಮ್ಮ ಕೈಗೆ ಮೊದಲು ಬರುವ ಮಾತುಗಳೆಲ್ಲ ತೀರ್ಪುಗಳು: "ಚುರುಕು", "ಹಠಮಾರಿ", "ಗಮನವಿಲ್ಲ", "ಚೆನ್ನಾಗಿ ಆಡಿದಳು". ಇವುಗಳನ್ನು ಓದಿದ ಇನ್ನೊಬ್ಬರಿಗೆ ಮಗು ಕಣ್ಣಮುಂದೆ ಬರುವುದಿಲ್ಲ. "ಇಂದು ಬ್ಲಾಕ್ ಆಟದಲ್ಲಿ ಗಮನವಿರಲಿಲ್ಲ" ಎಂದು ನಾನು ಹಿಂದೆ ಬರೆಯುತ್ತಿದ್ದ ಸಂಗತಿಯನ್ನೇ ಈಗ ಹೀಗೆ ಬರೆಯುತ್ತೇನೆ: "10.20. ಐದು ಬ್ಲಾಕ್‌ಗಳನ್ನು ಒಂದರ ಮೇಲೊಂದು ಇಟ್ಟಳು. ಐದನೆಯದು ಬಿತ್ತು. ಮತ್ತೆ ಇಟ್ಟಳು, ಬಿತ್ತು. ಎದ್ದು ಕಿಟಕಿಯ ಬಳಿ ಹೋಗಿ ಹೊರಗೆ ಕೆಲಸ ಮಾಡುತ್ತಿದ್ದ ಮೇಸ್ತ್ರಿಯನ್ನು ಸ್ವಲ್ಪ ಹೊತ್ತು ನೋಡಿದಳು. ಮರಳಿ ಬಂದು ಅಗಲದ ಬ್ಲಾಕನ್ನು ಕೆಳಗಿಟ್ಟು ಹೊಸದಾಗಿ ಶುರು ಮಾಡಿದಳು. ಏಳು ನಿಂತವು." ಮೊದಲ ವಾಕ್ಯ ಬರೆದವಳ ಕಣ್ಣಿಗೆ ಆಕೆ ಆಟ ಬಿಟ್ಟು ಎದ್ದು ಹೋದವಳು, ಎರಡನೆಯ ಟಿಪ್ಪಣಿಯಲ್ಲಿ ಆಕೆ ಕಲ್ಲಿನ ಮೇಲೆ ಕಲ್ಲು ಕೂರಿಸುವವರನ್ನು ಕಂಡು ಬಂದು ತನ್ನ ಅಡಿಪಾಯವನ್ನು ಸರಿಪಡಿಸಿಕೊಂಡಿರಬಹುದಾದ ಮಗು. "ಇರಬಹುದಾದ" ಎಂದೇ ಹೇಳುತ್ತೇನೆ, ಏಕೆಂದರೆ ಅದು ನನ್ನ ಊಹೆ. ಊಹೆಯನ್ನು ಬರೆಯಬಾರದೆಂದಲ್ಲ, ಕಂಡದ್ದರ ಜೊತೆ ಬೆರೆಸಿ ಬರೆಯಬಾರದು. ನಾನು ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಕಂಡದ್ದು, ಬಲಕ್ಕೆ ನನಗೆ ತೋರಿದ್ದು ಎಂದು ಬೇರ್ಪಡಿಸುತ್ತೇನೆ. ಎಡಬದಿಯನ್ನು ತರಗತಿಯಲ್ಲೇ ಮೂರು ನಾಲ್ಕು ಸಾಲುಗಳಲ್ಲಿ ಗೀಚುವುದು. ಬಲಬದಿಯನ್ನು ಮಕ್ಕಳು ಮನೆಗೆ ಹೋದ ಮೇಲೆ, ಅದೇ ದಿನ, ಹದಿನೈದು ನಿಮಿಷ ಕುಳಿತು ತುಂಬುವುದು. ಮರುದಿನಕ್ಕೆ ಬಿಟ್ಟರೆ ಮಗುವಿನ ಮಾತು ನಮ್ಮ ಮಾತಾಗಿ ಬಿಡುತ್ತದೆ.

ಬರೆಯುವ ವಾಕ್ಯದಲ್ಲಿ ಕ್ರಿಯಾಪದ ಗಟ್ಟಿಯಾಗಿದ್ದರೆ ಸಾಕು. ಎತ್ತಿದ, ತಿರುಗಿಸಿದ, ಕಾದ, ಪಕ್ಕದವಳಿಗೆ ಕೊಟ್ಟ, ಮೂರು ಸಲ ಪ್ರಯತ್ನಿಸಿದ. ಗುಣವಾಚಕ ಬರೆಯಲು ಕೈ ಹೋದಾಗಲೆಲ್ಲ, ಮಗು ಏನು ಮಾಡಿದ್ದನ್ನು ಕಂಡು ನನಗೆ ಹಾಗನಿಸಿತು ಎಂದು ಕೇಳಿಕೊಂಡು ಅದನ್ನೇ ಬರೆಯಬೇಕು.

ಮನೆಮಾತು

ನಮ್ಮ ಕರಾವಳಿಯಲ್ಲಿ ಈ ಸಂಗತಿಗೆ ಇರುವಷ್ಟು ತೂಕ ಬೇರೆ ಯಾವುದಕ್ಕೂ ಇಲ್ಲವೆಂದು ನನ್ನ ಅನಿಸಿಕೆ. ಇಪ್ಪತ್ತೆರಡು ಮಕ್ಕಳಿರುವ ನನ್ನ ತರಗತಿಯಲ್ಲಿ ಈ ವರ್ಷ ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ, ಜೊತೆಗೆ ಬಂದರಿನ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳ ಕನ್ನಡ ಎಲ್ಲವೂ ಇವೆ. ಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಯ ಮಾತೂ ಅಲ್ಲ. ಹೀಗಿರುವಾಗ ಮಗು ಹೇಳಿದ್ದನ್ನು ನಾವು ಶಿಷ್ಟ ಕನ್ನಡಕ್ಕೆ ತಿದ್ದಿ ಬರೆದುಕೊಂಡರೆ, ದಾಖಲೆಯಲ್ಲಿ ಉಳಿಯುವುದು ಮಗುವಲ್ಲ, ನಾವು.

ಆದುದರಿಂದ ಮಗುವಿನ ಮಾತನ್ನು ಕೇಳಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆಯಿರಿ. ಅರ್ಥವನ್ನು ಕೆಳಗೆ ಬೇರೆ ಸಾಲಿನಲ್ಲಿ ಕೊಡಿ. ತುಳುವಿನ ಕೆಲವು ಸ್ವರಗಳು ನಮ್ಮ ಲಿಪಿಯಲ್ಲಿ ಸರಿಯಾಗಿ ಕೂರುವುದಿಲ್ಲ; ಅದಕ್ಕಾಗಿ ತಲೆ ಕೆಡಿಸಿಕೊಳ್ಳುವುದು ಬೇಡ, ಓದಿದಾಗ ನಿಮಗೆ ಆ ಧ್ವನಿ ನೆನಪಾದರೆ ಸಾಕು. ನಿಮಗೆ ಬಾರದ ಭಾಷೆಯಾದರೆ ಆಯಾ, ಅಡುಗೆಯವರು, ಮಗುವನ್ನು ಬಿಡಲು ಬಂದ ಅಜ್ಜಿ, ಇವರಲ್ಲಿ ಯಾರಾದರೊಬ್ಬರ ಕಿವಿ ಎರವಲು ಪಡೆಯಿರಿ. ನನಗೆ ಬ್ಯಾರಿ ಭಾಷೆ ಬರುವುದಿಲ್ಲ. ಬ್ಯಾರಿ ಮಾತಾಡುವ ಇಬ್ಬರು ಮಕ್ಕಳು ಮನೆಯಾಟದಲ್ಲಿ ತೊಡಗಿದಾಗ ಅವರ ಮಾತನ್ನು ಫೋನಿನಲ್ಲಿ ಒಂದು ನಿಮಿಷ ಧ್ವನಿಮುದ್ರಿಸಿ, ಸಂಜೆ ತಾಯಿಗೆ ಕೇಳಿಸಿ ಅರ್ಥ ಕೇಳುತ್ತೇನೆ. ತರಗತಿಯಲ್ಲಿ ತುಟಿ ಬಿಚ್ಚದ ಮಗು ಆ ಒಂದು ನಿಮಿಷದಲ್ಲಿ ಮೀನಿನ ಬೆಲೆಗೆ ಚೌಕಾಸಿ ಮಾಡಿದ್ದನ್ನು ಹೀಗೆಯೇ ತಿಳಿದೆ.

ಯಾರನ್ನು, ಎಷ್ಟು

ಎಲ್ಲರನ್ನೂ ಎಲ್ಲ ದಿನವೂ ಬರೆಯಲು ಹೊರಟವರು ಎರಡು ವಾರದಲ್ಲಿ ಕೈಬಿಡುತ್ತಾರೆ. ದಿನಕ್ಕೆ ನಾಲ್ಕೈದು ಮಕ್ಕಳ ಹೆಸರನ್ನು ಬೆಳಿಗ್ಗೆಯೇ ನೋಟ್‌ಬುಕ್ಕಿನ ತಲೆಯಲ್ಲಿ ಬರೆದುಕೊಂಡರೆ ಐದು ದಿನಗಳಲ್ಲಿ ತರಗತಿ ಒಂದು ಸುತ್ತು ಮುಗಿಯುತ್ತದೆ. ಹೊರತಾಗಿ ಕಣ್ಣಿಗೆ ಬಿದ್ದ ವಿಶೇಷಗಳನ್ನು ಯಾರದ್ದಾದರೂ ಬರೆಯಬಹುದು. ತಿಂಗಳ ಕೊನೆಗೆ ಪ್ರತಿ ಮಗುವಿನ ಚೀಟಿಗಳನ್ನು ಎಣಿಸಿ ನೋಡಿ. ಜೋರಾಗಿ ಮಾತಾಡುವವರ, ಗಲಾಟೆ ಮಾಡುವವರ ಚೀಟಿ ರಾಶಿಯಾಗಿರುತ್ತದೆ. ಹೇಳಿದ್ದನ್ನು ಕೇಳಿಕೊಂಡು ತೊಂದರೆ ಕೊಡದೆ ಕುಳಿತಿರುವ ಮಕ್ಕಳದ್ದು ಒಂದೋ ಎರಡೋ. ಆ ಒಂದೆರಡು ಚೀಟಿಯ ಮಕ್ಕಳೇ ಮುಂದಿನ ತಿಂಗಳ ಮೊದಲ ಹೆಸರುಗಳು.

ಹೊತ್ತಿನ ಆಯ್ಕೆಯೂ ಮುಖ್ಯ. ಎಲ್ಲರೂ ವೃತ್ತದಲ್ಲಿ ಕುಳಿತು ಪದ್ಯ ಹೇಳುವಾಗ ಒಂದೊಂದು ಮಗುವಿನ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ. ಸ್ವತಂತ್ರವಾಗಿ ಆಡುವ ಹೊತ್ತು, ಕೈ ತೊಳೆಯುವ ಸಾಲು, ಊಟದ ಹೊತ್ತು, ಚಪ್ಪಲಿ ಹಾಕಿಕೊಳ್ಳುವ ಹೊತ್ತು, ಇವೇ ಫಲವತ್ತಾದವು.

ಫೋಟೋ

ಫೋನ್ ಎಲ್ಲರ ಕೈಯಲ್ಲೂ ಇರುವುದರಿಂದ ಫೋಟೋ ತೆಗೆಯುವುದೇ ದಾಖಲೆ ಎಂಬ ತಿಳಿವಳಿಕೆ ಬೆಳೆದಿದೆ. "ಇಲ್ಲಿ ನೋಡು, ನಗು" ಎಂದ ಕ್ಷಣಕ್ಕೆ ಮಗುವಿನ ಕೆಲಸ ನಿಂತುಹೋಗುತ್ತದೆ. ಉಳಿಯುವುದು ನಗುವ ಮುಖ ಮಾತ್ರ. ನೆಲದ ಮೇಲೆ ಕುಳಿತು, ಮಗುವಿನ ಕಣ್ಣಿನ ಎತ್ತರದಿಂದ, ಅದರ ಕೈಗಳು ಮತ್ತು ಕೈಯಲ್ಲಿರುವ ವಸ್ತು ಕಾಣುವಂತೆ ತೆಗೆಯಿರಿ. ಒಂದೇ ಕೆಲಸದ ಆರಂಭ, ನಡು, ಕೊನೆ ಎಂದು ಮೂರು ಚಿತ್ರಗಳಿದ್ದರೆ ಯೋಚನೆಯ ದಾರಿ ಕಾಣುತ್ತದೆ. ಮರುವಾಯಿ ಚಿಪ್ಪಿನ ಸಾಲಿನ ಫೋಟೋ ಒಂದೇ ಇದ್ದಿದ್ದರೆ ಅದು ಚಂದದ ಸಾಲಷ್ಟೇ ಆಗುತ್ತಿತ್ತು. ಒಡೆದದ್ದನ್ನು ಪಕ್ಕಕ್ಕಿಡುವ ಕೈಯ ಚಿತ್ರವೇ ಅದರ ತಿರುಳು.

ಮಕ್ಕಳ ಫೋಟೋಗಳನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಸುರಿಯುವ ಅಭ್ಯಾಸದ ಬಗ್ಗೆ ನನಗೆ ನಿಜವಾದ ಕಳವಳವಿದೆ. ಒಂದು ಮಗುವಿನ ಚಿತ್ರ ಇಪ್ಪತ್ತು ಮನೆಗಳ ಫೋನಿಗೆ, ಅಲ್ಲಿಂದ ಇನ್ನೆಲ್ಲಿಗೋ ಹೋಗುತ್ತದೆ, ಮರಳಿ ಪಡೆಯಲಾಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಹೆತ್ತವರ ದೃಢಪಟ್ಟ ಒಪ್ಪಿಗೆಯನ್ನು ಮುಂದಿಡುತ್ತದೆ. ವರ್ಷದ ಆರಂಭದಲ್ಲೇ ಫೋಟೋ ಎಲ್ಲಿಡುತ್ತೇವೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೇವೆ ಎಂದು ಪೋಷಕರ ಮನೆಮಾತಿನಲ್ಲಿ ವಿವರಿಸಿ ಲಿಖಿತ ಒಪ್ಪಿಗೆ ಪಡೆಯಿರಿ. ಒಪ್ಪದವರ ಮಗುವಿನ ಕೈಗಳ ಚಿತ್ರವನ್ನೂ ತೆಗೆಯಬೇಡಿ, ಪದಗಳಲ್ಲೇ ಬರೆಯಿರಿ. ಮಗುವನ್ನೂ ಕೇಳಬೇಕು. "ನಿನ್ನ ಗೋಪುರದ ಫೋಟೋ ತೆಗೆಯಲಾ?" ಎಂದರೆ ಮೂರು ವರ್ಷದ ಮಗುವೂ ಬೇಡ ಎನ್ನಬಲ್ಲದು.

ಮಕ್ಕಳು ಮಾಡಿದ್ದನ್ನು ಕೂಡಿಡುವುದು

ತಿಂಗಳಿಗೊಂದು ಚಿತ್ರ, ಅದೂ ಮಗು ತಾನಾಗಿ ಬಿಡಿಸಿದ್ದು, ಪ್ರತಿ ಮಗುವಿನ ಕಡತದಲ್ಲಿ ಇರಲಿ. ಜೂನ್‌ನಲ್ಲಿ ಗೀಚುಗೆರೆಗಳ ಸುರುಳಿ, ಸೆಪ್ಟೆಂಬರಿನಲ್ಲಿ ಮುಚ್ಚಿದ ವೃತ್ತ, ಡಿಸೆಂಬರಿನಲ್ಲಿ ಆ ವೃತ್ತದಿಂದಲೇ ನೇರವಾಗಿ ಇಳಿದ ಎರಡು ಕಾಲುಗಳು, ಮಾರ್ಚ್‌ನಲ್ಲಿ ತಲೆಯ ಕೆಳಗೆ ಬೇರೆ ಹೊಟ್ಟೆ: ಸಾಲಾಗಿ ಇಟ್ಟರೆ ಬೆಳವಣಿಗೆಯನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ತಲೆಗೇ ಕಾಲು ಅಂಟಿಸಿದ ಮನುಷ್ಯನ ಚಿತ್ರ ತಪ್ಪಲ್ಲ. ಮೂರೂವರೆ, ನಾಲ್ಕರ ವಯಸ್ಸಿನಲ್ಲಿ ಬಹಳಷ್ಟು ಮಕ್ಕಳು ಹಾದು ಬರುವ ಹಂತವದು. ಅದರ ಮೇಲೆ ಕೆಂಪು ಪೆನ್ನಿನಿಂದ ಹೊಟ್ಟೆ ಬರೆದು ತೋರಿಸಿದರೆ ದಾಖಲೆಯೂ ಕೆಡುತ್ತದೆ, ಮಗುವಿನ ಧೈರ್ಯವೂ ಕುಗ್ಗುತ್ತದೆ. ಚಿತ್ರದ ಬಗ್ಗೆ ಮಗು ಹೇಳಿದ್ದನ್ನು ಹಿಂಬದಿಯಲ್ಲಿ ಬರೆದಿಡಿ. "ಇದು ಏನು?" ಎಂಬ ಪ್ರಶ್ನೆಗಿಂತ "ಇದರ ಕಥೆ ಹೇಳು" ಎಂದರೆ ಹೆಚ್ಚು ಸಿಗುತ್ತದೆ.

ಮರಳಿನ ಮನೆ, ಬ್ಲಾಕಿನ ದೋಣಿ ಮುಂತಾಗಿ ಕೂಡಿಡಲಾಗದವುಗಳಿಗೆ ಫೋಟೋ ಅಥವಾ ಕೈಯಲ್ಲೇ ಬರೆದ ಸಣ್ಣ ರೇಖಾಚಿತ್ರ ಸಾಕು.

ಹುಲಿಯ ಬಣ್ಣ: ಒಂಬತ್ತು ದಿನಗಳ ದಾಖಲೆ

ಬಿಡಿ ಬಿಡಿ ಟಿಪ್ಪಣಿಗಳು ಹೇಗೆ ಒಂದಕ್ಕೊಂದು ಹೆಣೆದುಕೊಂಡು ಪಾಠವಾಗುತ್ತವೆ ಎಂಬುದಕ್ಕೆ ನಮ್ಮ ತರಗತಿಯದೇ ಉದಾಹರಣೆ ಕೊಡುತ್ತೇನೆ. ಉಡುಪಿಯಲ್ಲಿ ಕೃಷ್ಣಾಷ್ಟಮಿಯ ಮರುದಿನ ವಿಟ್ಲಪಿಂಡಿ ಉತ್ಸವ. ಬೀದಿ ತುಂಬ ಹುಲಿವೇಷ. ರಜೆ ಮುಗಿಸಿ ಬಂದ ಮಕ್ಕಳೆಲ್ಲ ತಾಸೆ ಎಂಬ ವಾದ್ಯದ ಪೆಟ್ಟಿಗೆ ಕುಣಿಯುತ್ತಿದ್ದರು. ಆ ಗದ್ದಲದ ನಡುವೆ ನಾಲ್ಕೂವರೆ ವರ್ಷದ ಒಬ್ಬಳು ನನ್ನ ಸೆರಗು ಹಿಡಿದು ಕೇಳಿದ್ದು: "ಪಿಲಿತ ಬಣ್ಣ ಎಂಚ ದೆಪ್ಪುನೆ?" ಹುಲಿಯ ಬಣ್ಣ ತೆಗೆಯುವುದು ಹೇಗೆ? ನಾನು ಉತ್ತರ ಕೊಡದೆ ಬರೆದುಕೊಂಡೆ, ಸಂಜೆ ಪುಟದ ಬಲಬದಿಯಲ್ಲಿ "ಕುಣಿತಕ್ಕಿಂತ ಬಣ್ಣದ ಬಗ್ಗೆ ಕುತೂಹಲ, ಮೈಗೆ ಅಂಟುವುದು, ಬಿಡುವುದು" ಎಂದು ಸೇರಿಸಿದೆ. ಮರುದಿನ ಅದೇ ಪ್ರಶ್ನೆಯನ್ನು ಎಲ್ಲರ ಮುಂದಿಟ್ಟಾಗ ಬಂದ ಊಹೆಗಳನ್ನು ಹೆಸರು ಸಹಿತ ಚಾರ್ಟಿನಲ್ಲಿ ಬರೆದೆ. ಒಬ್ಬ "ನೀರ್‌ಡ್ ಪೋಪುಂಡು", ನೀರಲ್ಲಿ ಹೋಗುತ್ತದೆ ಎಂದ. ಇನ್ನೊಬ್ಬ "ಎಣ್ಣೆ ಬೋಡು", ಎಣ್ಣೆ ಬೇಕು ಎಂದ, ಅವನ ಮಾವ ವೇಷ ಹಾಕುವವರು. ಪ್ರಶ್ನೆ ಕೇಳಿದವಳು ಸಾಬೂನು ಎಂದಳು.

ಮೂರನೆಯ ದಿನ ಅರೆದ ಅರಿಶಿನ, ಇದ್ದಿಲ ಪುಡಿ ಮತ್ತು ನೀರು, ಸಾಬೂನು, ತೆಂಗಿನೆಣ್ಣೆ ಇಟ್ಟೆ. ಮಕ್ಕಳು ತಮ್ಮ ಮುಂಗೈಗೆ ಹಳದಿ ಮತ್ತು ಕಪ್ಪು ಪಟ್ಟೆ ಬಳಿದುಕೊಂಡರು. ನನ್ನ ಟಿಪ್ಪಣಿಯ ಎಡಬದಿ ಹೀಗಿದೆ: "11.05. ನೀರು ಸುರಿದು ಉಜ್ಜಿದ, ಅರಿಶಿನದ ಕಲೆ ಉಳಿಯಿತು. ಅವಳು ಸಾಬೂನು ಹಚ್ಚಿದಳು. ಹಳದಿ ಕೆಂಪಾಯಿತು. ಕೈ ದೂರ ಹಿಡಿದು 'ನೆತ್ತೆರ್!' ಎಂದು ಕೂಗಿದಳು. ಮೂವರು ಓಡಿ ಬಂದರು. ಮೂಸಿ ನೋಡಿದಳು. 'ನೆತ್ತೆರ್ ಅತ್ತ್' ಎಂದು ತಾನೇ ಹೇಳಿದಳು." ರಕ್ತ ಎಂದು ಬೆದರಿದವಳು ವಾಸನೆಯಿಂದ ಪರೀಕ್ಷಿಸಿ, ತನ್ನ ತೀರ್ಮಾನವನ್ನು ತಾನೇ ಬದಲಿಸಿಕೊಂಡ ಆ ಗಳಿಗೆಯನ್ನು ಯಾವ ಪ್ರಶ್ನೆಪತ್ರಿಕೆಯೂ ಹಿಡಿಯಲಾರದು. ಅರಿಶಿನ ಕ್ಷಾರಕ್ಕೆ ಸೋಕಿದರೆ ಕೆಂಪಾಗುತ್ತದೆ, ಅದರ ಬಣ್ಣ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ ಎಂಬ ಕಾರಣಗಳನ್ನು ನಾನು ಹೇಳಲು ಹೋಗಲಿಲ್ಲ. ಮುಂದಿನ ದಿನಗಳಿಗೆ ನಿಂಬೆರಸ, ಸುಣ್ಣದ ತಿಳಿ ಮತ್ತು ಅರಿಶಿನ ಬಳಿದ ಕಾಗದದ ಪಟ್ಟಿಗಳನ್ನು ಸೇರಿಸಿದೆ, ಸುಣ್ಣವನ್ನು ನಾನೇ ಕಡ್ಡಿಯಿಂದ ಮುಟ್ಟಿಸಿ ತೋರಿಸಿದೆ.

ಇಷ್ಟರಲ್ಲಿ ಮೂರು ಫೋಟೋ, ಮಕ್ಕಳ ಮಾತುಗಳು, ಅವರ ಬಣ್ಣದ ಪಟ್ಟಿಗಳು ಸೇರಿದ ಫಲಕವೊಂದು ಬಾಗಿಲ ಬಳಿ, ಮಕ್ಕಳ ಕಣ್ಣಿನ ಎತ್ತರಕ್ಕೆ, ತೂಗುತ್ತಿತ್ತು. ಆರನೆಯ ದಿನ ಮೊಮ್ಮಗನನ್ನು ಕರೆದೊಯ್ಯಲು ಬಂದ ಒಬ್ಬ ಅಜ್ಜಿ ಅದನ್ನು ನೋಡುತ್ತಾ ನಿಂತು, "ಇದು ನಮ್ಮ ಕುರ್ದಿ ನೀರೇ ಅಲ್ಲವಾ" ಎಂದರು. ಅರಿಶಿನಕ್ಕೆ ಸುಣ್ಣ ಸೇರಿಸಿ ಆರತಿಗೆ ಕೆಂಪು ನೀರು ಮಾಡುವುದು ಅವರ ದಿನಬಳಕೆಯ ಜ್ಞಾನ. ಮರುದಿನ ಅವರೇ ಬಂದು ಮಕ್ಕಳ ಮುಂದೆ ಕುರ್ದಿ ನೀರು ಮಾಡಿ ತೋರಿಸಿದರು. ಫಲಕ ಇಲ್ಲದಿದ್ದರೆ ಅವರು ಗೇಟಿನಿಂದಲೇ ಹೊರಟುಹೋಗುತ್ತಿದ್ದರು.

ಫಲಕ ಮಾಡುವಾಗ ಗ್ಲಿಟರ್ ಹಾಳೆ, ಕತ್ತರಿಸಿದ ಹೂವು ಮುಂತಾದ ಅಲಂಕಾರ ಬೇಡ. ಪ್ರಶ್ನೆ ದೊಡ್ಡ ಅಕ್ಷರದಲ್ಲಿರಲಿ, ಮಕ್ಕಳ ಮಾತು ನಡುವೆ, ನಿಮ್ಮ ವಿವರಣೆ ನಾಲ್ಕು ಸಾಲು ಮೀರದೆ ಕೆಳಗಿರಲಿ. ಮಕ್ಕಳಿಗೆ ಅದನ್ನು ಓದಿ ಹೇಳಿ. ತಾನು ಹೇಳಿದ ಮಾತು ಗೋಡೆಯ ಮೇಲೆ ಅಕ್ಷರವಾಗಿ ನಿಂತಿದೆಯೆಂದು ತಿಳಿದ ಮಗು ಮರುದಿನ ಬಂದು "ಅಲ್ಲ ಟೀಚರ್, ನಾನು ಹಾಗೆ ಹೇಳಿದ್ದಲ್ಲ" ಎಂದು ತಿದ್ದಿದ್ದೂ ಉಂಟು. ಆ ತಿದ್ದುಪಡಿಯನ್ನೂ ದಿನಾಂಕ ಹಾಕಿ ಸೇರಿಸಿದ್ದೇನೆ.

ಮನೆಯವರೊಡನೆ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಉಳಿದ ತಿಂಗಳುಗಳಲ್ಲಿ ಆಳಸಮುದ್ರದ ಬೋಟುಗಳಲ್ಲಿ ವಾರಗಟ್ಟಲೆ ಹೊರಗಿರುವ ತಂದೆಯರು ಆಗ ಮನೆಯಲ್ಲಿರುತ್ತಾರೆ. "ನಮ್ಮಲ್ಲಿ ತಂದೆಯರು ಸಭೆಗೆ ಬರುವುದಿಲ್ಲ" ಎಂದು ದೂರುವ ಬದಲು ಮೊದಲ ಭೇಟಿಯನ್ನು ಜುಲೈಯಲ್ಲೇ ಇಟ್ಟುಕೊಂಡ ಮೇಲೆ ನಮ್ಮಲ್ಲಿ ಬರುವವರ ಸಂಖ್ಯೆ ಬದಲಾಗಿದೆ. ಬೆಳಿಗ್ಗೆ ಮೀನು ಮಾರಲು ಹೋಗುವ, ಮನೆಯಲ್ಲಿ ಬೀಡಿ ಕಟ್ಟುವ ತಾಯಂದಿರಿಗೆ ಸಂಜೆಯ ಹೊತ್ತೇ ಅನುಕೂಲ.

ಭೇಟಿಯಲ್ಲಿ ಅಂಕಪಟ್ಟಿ ಓದುವಂತೆ ಮಾತಾಡದೆ ಒಂದೇ ಒಂದು ಟಿಪ್ಪಣಿಯನ್ನು ಪೂರ್ತಿ ಓದಿ ಹೇಳಿ, ಬಳಿಕ "ಮನೆಯಲ್ಲಿ ಇಂಥದ್ದೇನಾದರೂ ನೋಡಿದ್ದೀರಾ?" ಎಂದು ಕೇಳಿ. ಮರುವಾಯಿ ಎಣಿಸಿದ ಹುಡುಗನ ತಂದೆ ಆ ಟಿಪ್ಪಣಿ ಕೇಳಿ, ಬಲೆ ಸರಿಪಡಿಸುವಾಗ ಮಗ ಪಕ್ಕದಲ್ಲಿ ಕುಳಿತು ಹರಿದ ಕಣ್ಣುಗಳನ್ನು ಎಣಿಸಿ ಹೇಳುತ್ತಾನೆ ಎಂದರು. ಅವನ ಎಣಿಕೆ ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ಆಗ. ಹಳೆಯ ಷರಾವನ್ನು ಅವರ ಎದುರಿಗೇ ಹೊಡೆದು ಹಾಕಿ ದಿನಾಂಕ ಬರೆದು ಸಹಿ ಮಾಡಿದೆ.

ಒಂದು ಮಗುವಿನ ಬೆಳವಣಿಗೆಯ ಬಗ್ಗೆ ಆತಂಕವಿದ್ದರೆ ಟಿಪ್ಪಣಿಗಳು ಇನ್ನೂ ಹೆಚ್ಚು ಜಾಗ್ರತೆಯಿಂದ ಬರೆಯಲ್ಪಡಬೇಕು. ರೋಗದ ಹೆಸರನ್ನು ಟೀಚರ್ ಬರೆಯಕೂಡದು. "ಹಿಂದಿನಿಂದ ಹೆಸರು ಕರೆದಾಗ ಐದು ದಿನಗಳಲ್ಲಿ ಒಂದು ಸಲ ತಿರುಗಿದ, ತಾಸೆಯ ಸದ್ದಿಗೆ ಪ್ರತಿ ಸಲವೂ ತಿರುಗಿದ" ಎಂಬಂತಹ ಬರಹ ವೈದ್ಯರಿಗೆ ನಿಜವಾಗಿ ನೆರವಾಗುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬಂದಾಗ ಇಂತಹ ಟಿಪ್ಪಣಿಗಳ ಪ್ರತಿಯನ್ನು ಹೆತ್ತವರ ಒಪ್ಪಿಗೆ ಪಡೆದು ಕೊಡಿ. ಇವು ಫಲಕಕ್ಕಾಗಲಿ ಇತರ ಪೋಷಕರ ಕಣ್ಣಿಗಾಗಲಿ ಬೀಳದಂತೆ ಬೇರೆಯೇ ಇಡಬೇಕು.

ಮಳೆ, ತೇವ, ಮಾರ್ಚ್

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಮ್ಮೂರಿನಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುವುದು ಸಾಮಾನ್ಯ. ಲ್ಯಾಮಿನೇಟ್ ಮಾಡಿದ ಹಾಳೆಯೂ ಅಂಚಿನಲ್ಲಿ ತೇವ ಎಳೆದುಕೊಂಡರೆ ಒಳಗೇ ಕಪ್ಪಾಗುತ್ತದೆ. ಕಡತಗಳನ್ನು ಗೋಡೆಗೆ ತಾಗದಂತೆ ಸ್ಟೀಲ್ ಪೆಟ್ಟಿಗೆಯಲ್ಲಿ ಮಣೆಯ ಮೇಲಿಟ್ಟು, ಬಿಸಿಲು ಬಂದ ದಿನ ಹೊರಗೆ ಹರಡಿ. ನೀರಿನ ಬಣ್ಣದ ಚಿತ್ರಗಳ ನಡುವೆ ಹಳೆಯ ಪತ್ರಿಕೆಯ ಹಾಳೆ ಇಡಿ. ಮಳೆಯ ರಜೆ ಘೋಷಣೆಯಾದ ದಿನಗಳಲ್ಲಿ ಚೀಟಿಗಳನ್ನು ಮಗುವಾರು ಅಂಟಿಸಿ ಮುಗಿಸುವುದು ನನ್ನ ಅಭ್ಯಾಸ.

ಮಾರ್ಚ್ ಬಂದಾಗ ಪ್ರತಿ ಮಗುವಿನ ಕಡತವನ್ನು ಮೊದಲಿನಿಂದ ಓದಿ, ಹತ್ತು ಹನ್ನೆರಡು ಟಿಪ್ಪಣಿ ಮತ್ತು ನಾಲ್ಕೈದು ಚಿತ್ರಗಳನ್ನು ಮಗುವಿನ ಜೊತೆ ಕುಳಿತೇ ಆರಿಸಿ. ಮಗು ಆರಿಸುವುದು ನಮಗೆ ಮುಖ್ಯವೆನಿಸಿದ್ದನ್ನೇ ಆಗಿರಬೇಕೆಂದಿಲ್ಲ. ಅದರ ಆಯ್ಕೆ ಮೇಲಿರಲಿ, ನಮ್ಮದು ಕೆಳಗೆ. ಈ ಕಡತ ಮನೆಗೆ ಹೋಗುತ್ತದೆ. ಒಂದನೆಯ ತರಗತಿಯ ಟೀಚರಿಗೆ ಬೇರೆಯಾಗಿ ಒಂದು ಪುಟ: ಮಗು ಯಾವ ಭಾಷೆಯಲ್ಲಿ ಯೋಚಿಸುತ್ತದೆ, ಯಾವ ಕೆಲಸದಲ್ಲಿ ಮೈಮರೆಯುತ್ತದೆ, ಬೇಸರವಾದಾಗ ಏನು ಮಾಡಿದರೆ ಸಮಾಧಾನವಾಗುತ್ತದೆ, ಈಗ ಯಾವ ಪ್ರಯತ್ನದ ನಡುವೆ ಇದೆ. ಮರುವಾಯಿ ಹುಡುಗನ ಪುಟದಲ್ಲಿ ನಾನು ಬರೆದ ಮೊದಲ ಸಾಲು "ತುಳುವಿನಲ್ಲಿ ಇಪ್ಪತ್ತರವರೆಗೆ ಎಣಿಸುತ್ತಾನೆ, ಕನ್ನಡದಲ್ಲಿ ಕೇಳುವ ಮೊದಲು ಒಂದು ಹಿಡಿ ಚಿಪ್ಪು ಕೈಗೆ ಕೊಡಿ" ಎಂದಾಗಿತ್ತು.